ಅಪರೂಪದ ರೋಗಗಳ ಪಾಠ ಕಲಿಸಿದ ವೈದ್ಯ

ಆಡಿ ನಲಿಯುತ್ತಿದ್ದ ಮಗು ಇದ್ದಕ್ಕಿದ್ದಂತೆ ನಡೆಯುವಾಗ ಎಡವತೊಡಗುತ್ತದೆ. ಬಳಿಕ ಮಾತು, ದೃಷ್ಟಿ, ನುಂಗುವ ಶಕ್ತಿ ಒಂದೊಂದಾಗಿ ಕೈಬಿಡುತ್ತವೆ. ವಿದ್ಯುತ್ ತಂತಿಯ ಮೇಲಿನ ಹೊದಿಕೆಯಂತೆ ನರತಂತುಗಳನ್ನು ಆವರಿಸಿರುವ ಮಯಲಿನ್ ಎಂಬ ಪೊರೆ ನಶಿಸುವುದೇ ಇದಕ್ಕೆ ಕಾರಣ. ಲ್ಯುಕೊಡಿಸ್ಟ್ರೊಫಿ ಎಂದು ಕರೆಯಲಾಗುವ ಈ ಆನುವಂಶಿಕ ರೋಗಗಳಲ್ಲಿ ಹಲವನ್ನು ಅರ್ಥಮಾಡಿಕೊಳ್ಳಲು ಬೇಕಾದ ಕೀಲಿಕೈಯನ್ನು ಶತಮಾನದ ಹಿಂದೆ ಒದಗಿಸಿದವರು ಲಂಡನ್ನಿನ ವೈದ್ಯ ಸರ್ ಆರ್ಚಿಬಾಲ್ಡ್ ಗ್ಯಾರಡ್. ವಿಶೇಷವೆಂದರೆ, ಅವರ ಚಿಂತನೆ ಆರಂಭವಾದದ್ದು ಮಿದುಳಿನಿಂದಲ್ಲ, ಮಕ್ಕಳ ಮೂತ್ರದ ಬಣ್ಣದಿಂದ.

ಗ್ಯಾರಡ್ ಹುಟ್ಟಿದ್ದು 1857ರಲ್ಲಿ. ಗೌಟ್ ಎಂಬ ಕೀಲುರೋಗಕ್ಕೂ ರಕ್ತದಲ್ಲಿನ ಯೂರಿಕ್ ಆಮ್ಲಕ್ಕೂ ಇರುವ ನಂಟನ್ನು ತೋರಿಸಿಕೊಟ್ಟ ಆಲ್‌ಫ್ರೆಡ್ ಗ್ಯಾರಡ್ ಅವರ ತಂದೆ. ರೋಗವನ್ನು ರಸಾಯನಶಾಸ್ತ್ರದ ಕಣ್ಣಿನಿಂದ ನೋಡುವ ಅಭ್ಯಾಸ ಮನೆಯಲ್ಲೇ ದೊರೆತಿತ್ತು. ಆಕ್ಸ್‌ಫರ್ಡ್‌ನಲ್ಲಿ ವಿಜ್ಞಾನ ಓದಿ, ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತ ಅವರು ಮುಂದೆ ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನ ಮಕ್ಕಳ ಆಸ್ಪತ್ರೆಯಲ್ಲಿಯೂ ಸೇವೆ ಸಲ್ಲಿಸಿದರು.

ಅಲ್ಲಿ ಅವರ ಗಮನ ಸೆಳೆದದ್ದು ಆಲ್ಕಾಪ್ಟೊನೂರಿಯಾ ಎಂಬ ವಿರಳ ಸ್ಥಿತಿ. ಈ ಮಕ್ಕಳ ಮೂತ್ರ ಗಾಳಿಗೆ ತೆರೆದುಕೊಂಡಾಗ ಕಪ್ಪಾಗುತ್ತದೆ. ಕರುಳಿನ ಸೂಕ್ಷ್ಮಜೀವಿಗಳ ಸೋಂಕೇ ಇದಕ್ಕೆ ಕಾರಣವೆಂಬುದು ಅಂದಿನ ಪ್ರಚಲಿತ ನಂಬಿಕೆ. ಗ್ಯಾರಡ್ ಒಪ್ಪಲಿಲ್ಲ. ಈ ಲಕ್ಷಣವಿದ್ದ ಮಕ್ಕಳ ತಾಯಿಯೊಬ್ಬರು 1901ರಲ್ಲಿ ಮತ್ತೊಂದು ಮಗುವಿಗೆ ಜನ್ಮ ನೀಡುವವರಿದ್ದರು. ಹುಟ್ಟಿದ ಕ್ಷಣದಿಂದಲೇ ಶಿಶುವಿನ ಬಟ್ಟೆಗಳನ್ನು ಗಮನಿಸುವ ಏರ್ಪಾಡಾಯಿತು. ಮೂರನೆಯ ದಿನವೇ ಕಲೆ ಕಾಣಿಸಿಕೊಂಡಿತು. ಇದು ಹೊರಗಿನಿಂದ ಬಂದ ಸೋಂಕಲ್ಲ, ಹುಟ್ಟಿನಿಂದಲೇ ಬಂದ ದೋಷವೆಂಬ ಅವರ ಅನುಮಾನ ದೃಢವಾಯಿತು.

ಇನ್ನೊಂದು ಸಂಗತಿಯೂ ಅವರ ಕಣ್ಣಿಗೆ ಬಿತ್ತು. ಇಂಥ ಮಕ್ಕಳ ತಂದೆತಾಯಿಯರಲ್ಲಿ ಅನೇಕರು ಹತ್ತಿರದ ರಕ್ತಸಂಬಂಧಿಗಳಾಗಿದ್ದರು. ಮೆಂಡಲ್‌ರ ತಳಿ ನಿಯಮಗಳು ಆಗಷ್ಟೇ, 1900ರಲ್ಲಿ, ಮರಳಿ ಬೆಳಕಿಗೆ ಬಂದಿದ್ದವು. ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವ ದುರ್ಬಲ ಗುಣವೇ ಇದಕ್ಕೆ ವಿವರಣೆಯೆಂದು ಜೀವವಿಜ್ಞಾನಿ ವಿಲಿಯಂ ಬೇಟ್ಸನ್ ಸೂಚಿಸಿದರು. ಗ್ಯಾರಡ್ 1902ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ವಾದವನ್ನು ಮಂಡಿಸಿದರು. ಮನುಷ್ಯನ ರೋಗವೊಂದಕ್ಕೆ ಮೆಂಡಲ್ ನಿಯಮವನ್ನು ಅನ್ವಯಿಸಿದ್ದು ಅದೇ ಮೊದಲು. 1908ರ ಉಪನ್ಯಾಸಮಾಲೆಯಲ್ಲಿ ಅವರು ಇನ್ನೂ ಮುಂದೆ ಹೋದರು: ದೇಹದಲ್ಲಿ ಒಂದು ಕಿಣ್ವವಿಲ್ಲದಿದ್ದರೆ ಚಯಾಪಚಯದ ಸರಪಳಿ ಅಲ್ಲಿಯೇ ತುಂಡಾಗುತ್ತದೆ, ಕರಗಬೇಕಾದ ವಸ್ತು ಉಳಿದುಬಿಡುತ್ತದೆ.

ವೈದ್ಯಲೋಕ ಗೌರವದಿಂದ ಆಲಿಸಿ, ಬದಿಗಿಟ್ಟಿತು. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆಯಿಂದ ಕಲಿಯುವುದೇನಿದೆ ಎಂಬ ಉದಾಸೀನ ಅದಕ್ಕಿತ್ತು. ಬದುಕೂ ಅವರ ಮೇಲೆ ಕರುಣೆ ತೋರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡರು. ಮೂರನೆಯವನು 1919ರಲ್ಲಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದ. ಉಳಿದ ಮಗಳು ಡೊರೊತಿ ಮುಂದೆ ಕೇಂಬ್ರಿಜ್‌ನ ಮೊದಲ ಮಹಿಳಾ ಪ್ರಾಧ್ಯಾಪಕಿಯಾದರು. ಆ ನೋವಿನ ನಡುವೆಯೇ 1920ರಲ್ಲಿ ಆಕ್ಸ್‌ಫರ್ಡ್‌ನ ಪ್ರತಿಷ್ಠಿತ ವೈದ್ಯಕೀಯ ಪೀಠವನ್ನು ವಹಿಸಿಕೊಂಡ ಗ್ಯಾರಡ್, ಅಪರೂಪದ ರೋಗಗಳನ್ನು ಕಡೆಗಣಿಸಬಾರದೆಂಬ ಮಾತನ್ನು ಕೊನೆಯವರೆಗೂ ಬಿಡಲಿಲ್ಲ. 1936ರಲ್ಲಿ ಅವರು ತೀರಿಕೊಂಡರು.

ಅವರ ಮಾತಿನ ಬೆಲೆ ತಿಳಿದದ್ದು ನಂತರ. ಡೆನ್ಮಾರ್ಕಿನ ಕ್ನುಡ್ ಕ್ರಾಬೆ 1916ರಲ್ಲಿ ಐವರು ಶಿಶುಗಳಲ್ಲಿ ವರ್ಣಿಸಿದ್ದ ಮಾರಕ ಮಿದುಳು ರೋಗಕ್ಕೆ ಒಂದು ಕಿಣ್ವದ ಕೊರತೆಯೇ ಮೂಲವೆಂಬುದು 1970ರಲ್ಲಿ ಖಚಿತವಾಯಿತು. ಮೆಟಾಕ್ರೊಮ್ಯಾಟಿಕ್ ಲ್ಯುಕೊಡಿಸ್ಟ್ರೊಫಿಯ ಕಥೆಯೂ ಅದೇ: ಕಿಣ್ವವಿಲ್ಲ, ಕೊಬ್ಬಿನ ಅಂಶ ಶೇಖರವಾಗುತ್ತದೆ, ಮಯಲಿನ್ ನಾಶವಾಗುತ್ತದೆ. ಮಗುವಿನದೇ ರಕ್ತದ ಆಕರಕೋಶಗಳಿಗೆ ಸರಿಯಾದ ಜೀನನ್ನು ಸೇರಿಸಿ ಮರಳಿ ದೇಹಕ್ಕೆ ನೀಡುವ ಚಿಕಿತ್ಸೆಗೆ ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಅನುಮತಿ ದೊರೆಯಿತು.

ಆದರೆ ಈ ಚಿಕಿತ್ಸೆಯ ಹಿಂದೊಂದು ಕಹಿಸತ್ಯವಿದೆ. ಲಕ್ಷಣಗಳು ತೋರುವ ಮೊದಲು, ಇಲ್ಲವೇ ತೀರಾ ಆರಂಭದಲ್ಲಿ ನೀಡಿದರಷ್ಟೇ ಇದು ಫಲಕಾರಿ. ಹೀಗಾಗಿ ಎಷ್ಟೋ ಮನೆಗಳಲ್ಲಿ ಅಕ್ಕನೋ ಅಣ್ಣನೋ ರೋಗಕ್ಕೆ ತುತ್ತಾದ ಮೇಲೆಯೇ ತಂಗಿ, ತಮ್ಮನ ಪರೀಕ್ಷೆ ನಡೆದು ಜೀವ ಉಳಿಯುತ್ತದೆ. ಹಿರಿಯ ಮಕ್ಕಳ ರೋಗ ಕಂಡು ನವಜಾತ ಶಿಶುವನ್ನು ಕಾದು ನೋಡಿದ ಗ್ಯಾರಡ್‌ರ ದಾರಿಯಲ್ಲೇ ನಾವಿನ್ನೂ ಇದ್ದೇವೆ.

ಸೋದರಮಾವನೊಡನೆ, ಸೋದರತ್ತೆಯ ಮಗನೊಡನೆ ಮದುವೆ ಇಂದಿಗೂ ರೂಢಿಯಲ್ಲಿರುವ ನಮ್ಮ ನಾಡಿಗೆ ಇದು ದೂರದ ಸಂಗತಿಯಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಮಯಲಿನ್ ನಾಶದ ರೋಗವೊಂದನ್ನು, ಅದೂ ಆರಂಭದ ಹಂತದಲ್ಲಿ, ಚಿಕಿತ್ಸೆಗೆ ಅರ್ಹವಾದವುಗಳ ಪಟ್ಟಿಗೆ ಸೇರಿಸಿದೆ. 2022ರಲ್ಲಿ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಆದರೆ ಆರಂಭದಲ್ಲೇ ಗುರುತಿಸಲು ಬೇಕಾದ, ಎಲ್ಲ ನವಜಾತ ಶಿಶುಗಳ ರಕ್ತಪರೀಕ್ಷೆಯ ರಾಷ್ಟ್ರವ್ಯಾಪಿ ವ್ಯವಸ್ಥೆ ನಮ್ಮಲ್ಲಿಲ್ಲ. ಸಂಖ್ಯೆ ಚಿಕ್ಕದೆಂದು ಸರ್ಕಾರಗಳು ಕೈಚೆಲ್ಲುವುದು ಸಲ್ಲದು. ವಿರಳ ರೋಗಿಯೊಬ್ಬನಿಂದ ವೈದ್ಯಶಾಸ್ತ್ರವೇ ಕಲಿಯಬಹುದೆಂದು ಗ್ಯಾರಡ್ ತೋರಿಸಿಕೊಟ್ಟು ಶತಮಾನವೇ ಕಳೆದಿದೆ.