ಗುಪ್ತೋಷ್ಣದ ಗುಟ್ಟು ಬಿಡಿಸಿದ ಜೋಸೆಫ್ ಬ್ಲ್ಯಾಕ್

ಏಪ್ರಿಲ್ ಕಾಲಿಟ್ಟರೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಪಾದರಸ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಅದೇ ಬೇಗೆಯಲ್ಲಿ ಮನೆಯ ಮೂಲೆಯ ಮಣ್ಣಿನ ಗಡಿಗೆಯ ನೀರು ಮಾತ್ರ ತಣ್ಣಗಿರುತ್ತದೆ. ಪತ್ರಿಕೆಗಳು ನಿತ್ಯ ಮುದ್ರಿಸುವ ಅಂಕಿ ತಾಪಮಾನದ್ದು. ಗಡಿಗೆಯ ತಂಪಿನ ಲೆಕ್ಕ ಉಷ್ಣದ್ದು. ಇವೆರಡೂ ಬೇರೆ ಬೇರೆ ಎಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು 18ನೇ ಶತಮಾನದ ಸ್ಕಾಟ್ಲೆಂಡಿನ ವೈದ್ಯ, ರಸಾಯನವಿಜ್ಞಾನಿ ಜೋಸೆಫ್ ಬ್ಲ್ಯಾಕ್. ತಾಪಮಾನವನ್ನು ಉಷ್ಣಾಂಶವೆಂದು ಬರೆಯುವ ಪತ್ರಿಕಾ ರೂಢಿ ಹಳೆಯ ಗೊಂದಲವನ್ನು ಇಂದಿಗೂ ಸಾಕಿಕೊಂಡು ಬಂದಿದೆ ಎನ್ನಬೇಕು.

ಬ್ಲ್ಯಾಕ್ ಜನಿಸಿದ್ದು 1728ರ ಏಪ್ರಿಲ್ 16ರಂದು, ಫ್ರಾನ್ಸಿನ ಬೋರ್ಡೊ ನಗರದಲ್ಲಿ. ತಂದೆ ಬೆಲ್‌ಫಾಸ್ಟ್ ಮೂಲದ ದ್ರಾಕ್ಷಾರಸದ ವ್ಯಾಪಾರಿ. ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಲು ಹೋದ ಯುವಕನಿಗೆ ವಿಲಿಯಂ ಕಲೆನ್ ಗುರುವಾಗಿ ದೊರೆತರು. ದ್ರವ ಆವಿಯಾಗುವಾಗ ಸುತ್ತಲಿನ ವಸ್ತು ತಣ್ಣಗಾಗುವ ಬಗ್ಗೆ ಕಲೆನ್ 1756ರಲ್ಲಿ ಪ್ರಬಂಧ ಪ್ರಕಟಿಸಿದರು. ಗಡಿಗೆಯಲ್ಲಿ ನಡೆಯುವುದೂ ಅದೇ. ಹೊರಮೈಗೆ ಜಿನುಗಿದ ನೀರು ಆವಿಯಾಗಲು ಬೇಕಾದ ಉಷ್ಣವನ್ನು ಒಳಗಿನ ನೀರಿನಿಂದ ಕಸಿದುಕೊಳ್ಳುತ್ತದೆ. ಹೀಗೆ ಕಸಿದ ಉಷ್ಣ ಎಷ್ಟು ಎಂದು ಅಳೆಯುವ ದಾರಿ ತೋರಿದವರು ಶಿಷ್ಯ.

ಇಂಗಾಲದ ಡೈಆಕ್ಸೈಡ್ ಅನ್ನು ಸಾಮಾನ್ಯ ಗಾಳಿಗಿಂತ ಭಿನ್ನವಾದ ಅನಿಲವೆಂದು ಗುರುತಿಸಿ ಬ್ಲ್ಯಾಕ್ ಆ ವೇಳೆಗಾಗಲೇ ಹೆಸರು ಗಳಿಸಿದ್ದರು. ಆ ಕುರಿತ ಅವರ ಪ್ರಬಂಧವೂ 1756ರಲ್ಲೇ ಅಚ್ಚಾಯಿತು. ಅದೇ ವರ್ಷ ಅವರು ಗ್ಲಾಸ್ಗೊದಲ್ಲಿ ಅಧ್ಯಾಪಕರಾದರು.

ಮಂಜುಗಡ್ಡೆಯನ್ನು ಕರಗುವ ಬಿಂದುವಿನವರೆಗೆ ತಂದು ತುಸುವೇ ಉಷ್ಣ ಕೊಟ್ಟರೆ ಅದು ಪೂರ್ತಿ ನೀರಾಗುತ್ತದೆ ಎಂಬುದು ಅಂದಿನ ವಿದ್ವಾಂಸರ ನಂಬಿಕೆ. ಅದು ನಿಜವಾಗಿದ್ದಲ್ಲಿ ವಸಂತದ ಮೊದಲ ಬಿಸಿಲಿಗೇ ಬೆಟ್ಟಗಳ ಹಿಮವೆಲ್ಲ ಒಮ್ಮೆಲೇ ಕರಗಿ ಊರುಗಳು ಕೊಚ್ಚಿಹೋಗಬೇಕಿತ್ತು. ಹಾಗಾಗುತ್ತಿಲ್ಲವಲ್ಲ ಎಂಬ ಸರಳ ಸಂದೇಹವೇ ಬ್ಲ್ಯಾಕ್ ಅವರನ್ನು ಪ್ರಯೋಗಕ್ಕೆ ಇಳಿಸಿತು.

ಅವರು ಒಂದೇ ಬಗೆಯ ಎರಡು ಗಾಜಿನ ಬುರುಡೆಗಳಲ್ಲಿ ಸಮಪ್ರಮಾಣದ ನೀರು ತುಂಬಿದರು. ಒಂದರ ನೀರನ್ನು ಹೆಪ್ಪುಗಟ್ಟಿಸಿದರು. ಇನ್ನೊಂದನ್ನು 33 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿದರು. ನೀರು ಹೆಪ್ಪುಗಟ್ಟುವುದು 32 ಡಿಗ್ರಿಯಲ್ಲಿ. ಎರಡನ್ನೂ 47 ಡಿಗ್ರಿಯಿದ್ದ ಕೊಠಡಿಯಲ್ಲಿ ಇಟ್ಟರು. ನೀರು ಅರ್ಧ ಗಂಟೆಯಲ್ಲಿ 7 ಡಿಗ್ರಿ ಏರಿ 40 ಮುಟ್ಟಿತು. ಮಂಜುಗಡ್ಡೆ ಕರಗಿ ಅದೇ 40 ಮುಟ್ಟಲು ಹತ್ತೂವರೆ ಗಂಟೆ ಬೇಕಾಯಿತು. ಅಂದರೆ 21 ಅರ್ಧ ಗಂಟೆಗಳು, ಏಳರಂತೆ 147 ಡಿಗ್ರಿಯಷ್ಟು ಉಷ್ಣ. ಉಷ್ಣತಾಮಾಪಕ ತೋರಿಸಿದ ಏರಿಕೆ ಕೇವಲ 8. ಉಳಿದ ಸುಮಾರು 140 ಡಿಗ್ರಿಯಷ್ಟು ಉಷ್ಣ ತಾಪಮಾನವನ್ನು ಏರಿಸದೆ, ಗಡ್ಡೆಯನ್ನು ನೀರಾಗಿಸುವುದಕ್ಕಷ್ಟೇ ವ್ಯಯವಾಗಿತ್ತು. ಬ್ಲ್ಯಾಕ್ ಅದನ್ನು ಗುಪ್ತೋಷ್ಣವೆಂದು ಕರೆದರು. ಇಂದಿನ ಮಾನದಲ್ಲಿ ಇದು ಗ್ರಾಂಗೆ 78 ಕ್ಯಾಲೊರಿಯಷ್ಟಾಗುತ್ತದೆ. ಈಗ ಒಪ್ಪಿರುವ ಮೌಲ್ಯ ಸುಮಾರು 80. ಒಂದು ಗಡಿಯಾರ, ಒಂದು ಉಷ್ಣತಾಮಾಪಕದಿಂದ ದೊರೆತ ಫಲವಿದು.

1762ರ ಏಪ್ರಿಲ್ 23ರಂದು ಗ್ಲಾಸ್ಗೊದ ವಿದ್ವತ್ ಕೂಟದ ಮುಂದೆ ಅವರು ಇದನ್ನು ಮಂಡಿಸಿದರು. ಅದೇ ವರ್ಷ ಕುದಿಯುವ ನೀರನ್ನೂ ಪರೀಕ್ಷಿಸಿದರು. 4 ನಿಮಿಷದಲ್ಲಿ ಕುದಿಗೆ ಬಂದ ನೀರು ಅದೇ ಒಲೆಯ ಮೇಲೆ ಪೂರ್ತಿ ಆವಿಯಾಗಲು 20 ನಿಮಿಷ ತೆಗೆದುಕೊಂಡಿತು. ಅಷ್ಟು ಹೊತ್ತೂ ತಾಪಮಾನ ಕದಲಲಿಲ್ಲ. ಇಡ್ಲಿ ಪಾತ್ರೆಯ ಹಬೆ ಅಷ್ಟೇ ಡಿಗ್ರಿಯ ಕುದಿನೀರಿಗಿಂತ ಹೆಚ್ಚು ಸುಡುವುದು ಇದೇ ಕಾರಣಕ್ಕೆ. ಹಬೆ ನೀರಾಗುವಾಗ ಹೀರಿಟ್ಟ ಉಷ್ಣವನ್ನೆಲ್ಲ ಕೈಮೇಲೆ ಸುರಿಯುತ್ತದೆ.

ತಾಪಮಾನ ಹೆಚ್ಚಿದ್ದ ಮಾತ್ರಕ್ಕೆ ಉಷ್ಣವೂ ಹೆಚ್ಚಿರಬೇಕಿಲ್ಲ. ಕಮ್ಮಾರನ ಕುಲುಮೆಯಿಂದ ಸಿಡಿದ ಕೆಂಪು ಕಿಡಿಗಿಂತ ಬಚ್ಚಲ ಹಂಡೆಯ ಬೆಚ್ಚನೆಯ ನೀರಿನಲ್ಲಿರುವ ಉಷ್ಣ ಎಷ್ಟೋ ಪಾಲು ಅಧಿಕ. ಒಂದೊಂದು ಪದಾರ್ಥದ ಉಷ್ಣಧಾರಣ ಶಕ್ತಿ ಒಂದೊಂದು ಬಗೆ ಎಂಬುದನ್ನೂ ಬ್ಲ್ಯಾಕ್ ತಿಳಿಸಿದರು.

ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಿಸುತ್ತಿದ್ದ ಜೇಮ್ಸ್ ವಾಟ್, 1763–64ರಲ್ಲಿ ಉಗಿಯಂತ್ರದ ಮಾದರಿಯೊಂದನ್ನು ರಿಪೇರಿ ಮಾಡುವಾಗ ಅಲ್ಪ ಉಗಿ ಅಷ್ಟೊಂದು ನೀರನ್ನು ಬಿಸಿ ಮಾಡುವುದನ್ನು ಕಂಡು ಬೆರಗಾದರು. ಕಾರಣ ವಿವರಿಸಿದವರು ಬ್ಲ್ಯಾಕ್. ಮುಂದೆ ವಾಟ್‌ಗೆ ಸಾಲವನ್ನೂ ಕೊಟ್ಟರು. ಆದರೆ ತಮ್ಮ ಯಂತ್ರ ನೇರವಾಗಿ ಗುಪ್ತೋಷ್ಣದ ಸಿದ್ಧಾಂತದಿಂದ ಹುಟ್ಟಿದ್ದಲ್ಲವೆಂದು ವಾಟ್ ನಂತರ ಸ್ಪಷ್ಟಪಡಿಸಿದ್ದುಂಟು.

1766ರಲ್ಲಿ ಬ್ಲ್ಯಾಕ್ ಎಡಿನ್‌ಬರೊಕ್ಕೆ ಪ್ರಾಧ್ಯಾಪಕರಾಗಿ ತೆರಳಿದರು. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್, ಭೂವಿಜ್ಞಾನಿ ಜೇಮ್ಸ್ ಹಟನ್ ಅವರ ಆಪ್ತರು. ದಾರ್ಶನಿಕ ಡೇವಿಡ್ ಹ್ಯೂಮ್‌ಗೆ ಕೊನೆಗಾಲದಲ್ಲಿ ಅವರದೇ ಚಿಕಿತ್ಸೆ. ಮದುವೆಯಾಗಲಿಲ್ಲ. ದೇಹ ದುರ್ಬಲ, ಊಟ ಮಿತ. ಪಾಠದ ಸಭಾಂಗಣ ಮಾತ್ರ ಸದಾ ತುಂಬಿರುತ್ತಿತ್ತು. ಆದರೆ ಉಷ್ಣದ ಕುರಿತ ಸಂಶೋಧನೆಯನ್ನು ಅವರು ಬದುಕಿರುವವರೆಗೂ ಪ್ರಕಟಿಸಲೇ ಇಲ್ಲ. ಈ ಅತಿ ಸಂಕೋಚಕ್ಕೆ ಬೆಲೆ ತೆರಬೇಕಾಯಿತು. ಸ್ವೀಡನ್ನಿನ ಯೋಹಾನ್ ವಿಲ್ಕೆ 1772ರಲ್ಲಿ ಸ್ವತಂತ್ರವಾಗಿ ಅದೇ ತತ್ತ್ವವನ್ನು ಕಂಡು ಪ್ರಕಟಿಸಿದರು. ಬ್ಲ್ಯಾಕ್ ಅವರ ವಿಚಾರಗಳು ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದವು.

ಬ್ಲ್ಯಾಕ್ ನಿಧನರಾದದ್ದು 1799ರ ಡಿಸೆಂಬರ್ 6ರಂದು, 71ನೇ ವಯಸ್ಸಿನಲ್ಲಿ. ಕುರ್ಚಿಯಲ್ಲಿ ಕುಳಿತಂತೆಯೇ ಪ್ರಾಣ ಹೋಗಿತ್ತು. ಮಂಡಿಯ ಮೇಲಿದ್ದ ಬಟ್ಟಲಿನಿಂದ ಒಂದು ಹನಿ ಹಾಲೂ ಚೆಲ್ಲಿರಲಿಲ್ಲವೆಂದು ಬಳಗದವರು ದಾಖಲಿಸಿದ್ದಾರೆ. ಶಿಷ್ಯ ಜಾನ್ ರಾಬಿಸನ್ ಅವರ ಉಪನ್ಯಾಸಗಳನ್ನು ಸಂಪಾದಿಸಿ 1803ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ಗ್ಲಾಸ್ಗೊದ ಆ ಮಂಡನೆಗೆ ಆಗ 41 ವರ್ಷ.