ಚೌಟವಂಶದ ರಾಣಿ ಅಬ್ಬಕ್ಕದೇವಿ

ಪರಶಿವನು ಪಾರ್ಥನನ್ನು ಪರೀಕ್ಷಿಸಲೆಂದು ಬೇಡನ ವೇಷವನ್ನು ತಳೆದು ಬಂದಾಗ, ಜಗನ್ಮಾತೆಯಾದ ಪಾರ್ವತಿಯೂ ಶಬರಿಯಾಗಿ ಆತನೊಡನೆ ಅಡವಿಯನ್ನು ಹೊಕ್ಕಳೆಂಬ ಕಥೆಯು ಶಿವಭಕ್ತರೆಲ್ಲರಿಗೂ ಸುವಿದಿತವಾದುದು. ವೀರಶೈವ ಕವಿಯಾದ ಷಡಕ್ಷರದೇವನು 17ನೆಯ ಶತಮಾನದಲ್ಲಿ ಈ ವಸ್ತುವನ್ನೇ ಆಶ್ರಯಿಸಿ ಶಬರಶಂಕರವಿಳಾಸವೆಂಬ ಕಾವ್ಯವನ್ನು ರಚಿಸಿದನು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದ ಮದನಿಕೆಯರ ನಡುವೆ ಬಿಲ್ಲನ್ನು ಹಿಡಿದು ಬೇಟೆಗೆ ನಿಂತ ಹೆಣ್ಣೂ ಉಂಟು. ಇಂತು ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ಬೇಟೆಗಾರ್ತಿಯನ್ನು ಕೊಂಡಾಡುವ ಲೋಕವೇ, ಮನೆಯ ಹೆಣ್ಣುಮಗಳು ಆಯುಧವನ್ನೆತ್ತಿ ಹೊಸ್ತಿಲನ್ನು ದಾಟಿದಳೆಂದರೆ ಹುಬ್ಬನ್ನು ಗಂಟಿಕ್ಕುವುದು. ಈ ಎರಡು ನೋಟಗಳ ನಡುವೆ ನಿಂತು ರಾಜ್ಯವಾಳಿದವಳು ತುಳುನಾಡಿನ ಅಬ್ಬಕ್ಕದೇವಿ.

ತುಳುನಾಡಿನಲ್ಲಿ ಬೇಟೆಯು ಗಂಡಸರ ಪಾಲಿನದಾಗಿದ್ದಿತು. ಮಕರಮಾಸದ ಕೊನೆಯಲ್ಲಿ ಬರುವ ಕೆಡ್ಡಸವೆಂಬ ಮೂರು ದಿನದ ಹಬ್ಬವೇ ಇದಕ್ಕೆ ಸಾಕ್ಷಿ. ಭೂದೇವಿಯು ಋತುಮತಿಯಾಗುವಳೆಂಬ ನಂಬಿಕೆಯಿಂದ ಆ ದಿನಗಳಲ್ಲಿ ನೆಲವನ್ನು ಉಳುವುದಾಗಲಿ ಅಗೆಯುವುದಾಗಲಿ ಇಲ್ಲ. ಗಂಡಸರು ಹಿಂದಿನ ಕಾಲದಲ್ಲಿ ಗುಂಪುಗೂಡಿ ಬೋಂಟೆಗೆ, ಎಂದರೆ ಬೇಟೆಗೆ, ಹೋಗುತ್ತಿದ್ದರು. ಹೆಂಗಸರು ಅಂಗಳದಲ್ಲಿ ಭೂದೇವಿಗೆ ಎಣ್ಣೆ, ಅರಸಿನ, ಕುಂಕುಮಗಳನ್ನು ಅರ್ಪಿಸಿ ಕೊನೆಯ ದಿನ ಸ್ನಾನದ ಉಪಚಾರವನ್ನು ನಡೆಯಿಸುತ್ತಿದ್ದರು. ಕಾಡು ಗಂಡಸಿಗೆ, ಅಂಗಳವು ಹೆಂಗಸಿಗೆ ಎಂಬ ಪಂಕ್ತಿಭೇದವು ಹಬ್ಬದಲ್ಲಿಯೇ ನೆಲೆಗೊಂಡಿದ್ದಿತು.

ಆದರೆ ಅದೇ ನಾಡಿನಲ್ಲಿ ನೆಲದ ಒಡೆತನವು ಹೆಣ್ಣಿನ ಬಳಿಯಿಂದ ಹರಿದುಬರುತ್ತಿದ್ದಿತೆಂಬುದನ್ನು ಮರೆಯಲಾಗದು. ಅಳಿಯಸಂತಾನದ ಕಟ್ಟಿನಂತೆ ಆಸ್ತಿಯೂ ಪಟ್ಟವೂ ತಾಯಿಯ ವಂಶದಲ್ಲಿ ಇಳಿಯುವುವು. ಉಳ್ಳಾಲ, ಪುತ್ತಿಗೆ ಮತ್ತು ಮೂಡಬಿದಿರೆಗಳಿಂದ ಆಳಿದ ಚೌಟರು ಈ ಕಟ್ಟಿನವರು. ಅವರು ಜೈನರಾಗಿದ್ದೂ ಉಳ್ಳಾಲದ ಕಡಲ ತಡಿಯ ಸೋಮನಾಥನಿಗೆ ನಡೆದುಕೊಳ್ಳುತ್ತಿದ್ದರು. ಜಿನಧರ್ಮವು ಬೇಟೆಯನ್ನು ಸಪ್ತವ್ಯಸನಗಳಲ್ಲಿ ಒಂದೆಂದು ಗಣಿಸಿ ಗಂಡಿಗೂ ಹೆಣ್ಣಿಗೂ ಸಮನಾಗಿ ನಿಷೇಧಿಸಿರುವುದು. ಆದರೆ ಮೇಲೆ ಬಿದ್ದ ವೈರಿಯನ್ನು ಎದುರಿಸುವಲ್ಲಿ ಗೃಹಸ್ಥನಿಗೆ ಒದಗುವ ಹಿಂಸೆಯನ್ನು ವಿರೋಧೀ ಹಿಂಸೆಯೆಂದು ಬೇರ್ಪಡಿಸಿರುವುದು. ಆದುದರಿಂದ ಚೌಟರ ಮನೆಯ ಹೆಣ್ಣಿಗೆ ಬಿಲ್ಲುಬಾಣಗಳು ವಿನೋದದ ಸಾಧನಗಳಲ್ಲ. ನಾಡನ್ನು ಕಾಯುವ ಹೊಣೆಯ ಸಾಧನಗಳು.

ಅಬ್ಬಕ್ಕನೆಂಬ ಹೆಸರಿನಿಂದ ಉಳ್ಳಾಲವನ್ನಾಳಿದವರು ಒಬ್ಬಳಲ್ಲ, ಒಬ್ಬರಿಗಿಂತ ಹೆಚ್ಚು ರಾಣಿಯರೆಂದು ಇತಿಹಾಸಜ್ಞರು ತಿಳಿಯುತ್ತಾರೆ. 16ನೆಯ ಶತಮಾನದ ಅಬ್ಬಕ್ಕನು ಕಪ್ಪವನ್ನು ಕೇಳಿದ ಪೋರ್ತುಗೀಸರೊಡನೆ ಕಾದಿದವಳು. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆಯನ್ನು ಕಟ್ಟಿದ ಕಾಲವು ಅವಳದು. ಉಳ್ಳಾಲವು ಶತ್ರುವಶವಾದ ರಾತ್ರಿ ಅವಳು ಮಸೀದಿಯೊಂದರಲ್ಲಿ ಅಡಗಿದ್ದು, ತನ್ನ ಬಂಟರೊಡನೆ ಹಿಂದಿರುಗಿ ವೈರಿಗಳ ಮೇಲೆರಗಿದಳೆಂದೂ, ಅಗ್ನಿಬಾಣಗಳನ್ನು ಪ್ರಯೋಗಿಸಿದಳೆಂದೂ ಐತಿಹ್ಯವು ಹೇಳುತ್ತದೆ. ಅವಳ ತರುವಾಯ ಅದೇ ಹೆಸರಿನಿಂದ ಪಟ್ಟವನ್ನೇರಿದ ಅಬ್ಬಕ್ಕದೇವಿ ಚೌಟರನ್ನು ಕಣ್ಣಾರೆ ಕಂಡು ಬರೆದಿಟ್ಟವನು ಇಟಲಿಯ ಪ್ರವಾಸಿಯಾದ ಪಿಯೆತ್ರೋ ದೆಲ್ಲಾ ವಾಲ್ಲೆ. ಜನಮನದಲ್ಲಿ ಈ ರಾಣಿಯರ ಬಾಳುಗಳು ಬೆರೆತು ಒಂದೇ ಹೆಸರಿನ ಬೆಳಕಾಗಿವೆ.

ಅಬ್ಬಕ್ಕದೇವಿಯ ಕೈಹಿಡಿದವನು ಬಂಗರಸನು. ಬಂಗರ ಮೂಲಸ್ಥಾನವಾದ ಬಂಗಾಡಿಯು ಬೆಳ್ತಂಗಡಿಯ ಸೀಮೆಯಲ್ಲಿ ಘಟ್ಟದ ಅಡಿಯಲ್ಲಿರುವುದು. ಬಂಟವಾಳದ ಸೀಮೆಯ ನಂದಾವರದಲ್ಲಿಯೂ ಅವರ ಅರಮನೆಯಿದ್ದಿತು. ದಂಪತಿಗಳಲ್ಲಿ ವೈಮನಸ್ಯ ಮೂಡಿತು. ರಾಣಿಯು ಪತಿಯು ಕೊಟ್ಟ ಒಡವೆಗಳನ್ನು ಹಿಂದಕ್ಕೆ ಕಳುಹಿ ಸಂಬಂಧವನ್ನು ಕಡಿದುಕೊಂಡಳೆಂದೂ, ಕುಪಿತನಾದ ಬಂಗರಸನು ನದಿಯಲ್ಲಿ ದೋಣಿಯ ಮೇಲಿದ್ದ ಅವಳನ್ನು ಸೆರೆಹಿಡಿದನೆಂದೂ, ಅವಳು ಯುಕ್ತಿಯಿಂದ ಬಿಡಿಸಿಕೊಂಡು ತನ್ನ ನಾಡಿಗೆ ಮರಳಿದಳೆಂದೂ ದೆಲ್ಲಾ ವಾಲ್ಲೆಯು ಕೇಳಿ ಬರೆದಿರುತ್ತಾನೆ. ಬೇರೆಡೆಯಲ್ಲಾದರೆ ಪತಿಯ ಮನೆಯನ್ನು ಬಿಟ್ಟವಳಿಗೆ ನಿಲ್ಲಲು ನೆಲವಿಲ್ಲ. ಅಬ್ಬಕ್ಕನ ಪಟ್ಟವಾದರೋ ತಾಯಿಯ ಬಳಿಯದು; ಅದನ್ನು ಪತಿಯು ಕೊಟ್ಟಿರಲಿಲ್ಲ, ಕಸಿಯಲೂ ಬಾರದು. ಅವಳ ಕೈಯಲ್ಲಿ ಆಯುಧವು ನಿಂತುದಕ್ಕೆ ಕಾಲ ಕೆಳಗೆ ನೆಲವಿದ್ದುದೇ ಕಾರಣವು.

ಬಂಗರಸನು ಪೋರ್ತುಗೀಸರ ಬೆಂಬಲವನ್ನು ಬೇಡಲು, ರಾಣಿಯು ಘಟ್ಟದ ಮೇಲಣ ಇಕ್ಕೇರಿಯ ಅರಸನ ಕಡೆಗೆ ತಿರುಗಿದಳು. ಆಗ ಅಲ್ಲಿ ಆಳುತ್ತಿದ್ದವನು ಲಿಂಗವಂತನಾದ ಕೆಳದಿಯ ವೆಂಕಟಪ್ಪನಾಯಕನು. ಜೈನರಾಣಿಯೊಬ್ಬಳು ಮೊರೆಯಿಡಲು ಶೈವ ಅರಸನ ಸೇನೆಯು ಘಟ್ಟವನ್ನಿಳಿದು ಬಂದಿತು. ಬಂಗರಸನೂ ಅವನ ಸಹಾಯಕ್ಕೆ ನಿಂತ ಪೋರ್ತುಗೀಸರೂ ಸೋತರು. ಈ ನೆರವಿನಲ್ಲಿ ನಾಯಕನ ರಾಜ್ಯವಿಸ್ತಾರದ ಬಯಕೆಯೂ ಇದ್ದಿತೆಂಬುದು ದಿಟ. ಆದರೂ ಪತಿಯನ್ನು ತೊರೆದ ಹೆಂಗಸಿವಳೆಂದು ಅವನು ಅಬ್ಬಕ್ಕನನ್ನು ಕೈಬಿಡಲಿಲ್ಲ. ಒಂದು ನಾಡಿನ ಒಡತಿಯೆಂದೇ ಕಂಡನು. ಬಂಗರಸನಿಗೆ ರಾಜ್ಯವನ್ನು ಮರಳಿ ಕೊಡಿಸಬೇಕೆಂದು 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಬಂದ ಪೋರ್ತುಗೀಸ್ ರಾಯಭಾರದೊಡನೆಯೇ ದೆಲ್ಲಾ ವಾಲ್ಲೆಯು ಈ ಸೀಮೆಗೆ ಬಂದನು.

ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಮಂಗಳೂರಿನಿಂದ ಮಣೇಲಿಗೆ ಹೋಗಿ ರಾಣಿಯನ್ನು ಕಂಡನು. ಸಿಂಹಾಸನವನ್ನೂ ಅಂತಃಪುರವನ್ನೂ ನಿರೀಕ್ಷಿಸಿ ಹೋದವನಿಗೆ ಎದುರಾದವಳು ಬರಿಗಾಲಿನಲ್ಲಿ ನಡೆದುಬರುತ್ತಿದ್ದ, ಕಪ್ಪು ಮೈಬಣ್ಣದ, ಸಾದಾ ನೂಲುಬಟ್ಟೆಯನ್ನುಟ್ಟ ನಡುವಯಸ್ಸಿನ ಹೆಂಗಸು. ತಲೆಯ ಮೇಲೆ ಓಲೆಯ ಕೊಡೆ, ಹಿಂದುಮುಂದೆ ಆಯುಧಧಾರಿಗಳಾದ ಕೆಲವರು ಬಂಟರು. ಅವಳು ಹೊರಟಿದ್ದುದು ಹೊಲಗಳಿಗೆ ನೀರನ್ನು ಹಾಯಿಸಲು ಅಗೆಯಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡಲು. ಪ್ರವಾಸಿಗೆ ಅವಳು ರಾಣಿಯಂತೆ ತೋರದೆ ಅಡುಗೆಮನೆಯ ಊಳಿಗದವಳಂತೆ ತೋರಿದಳು. ಆದರೆ ಅವಳು ಬಾಯ್ದೆರೆದು ಮಾತನಾಡಿದೊಡನೆ ಅವನ ಅಭಿಪ್ರಾಯವು ತಿರುಗಿತು; ಆ ನುಡಿಯಲ್ಲಿ ರಾಜಗಾಂಭೀರ್ಯವನ್ನೂ ವಿವೇಕವನ್ನೂ ಅವನು ಕಂಡನು. ದೊಡ್ಡ ದೊಡ್ಡ ಬಾದಶಹರ ನಾಡುಗಳನ್ನು ಕಂಡವನು ತನ್ನ ಈ ಕಾಡಿಗೆ ಏಕೆ ಬಂದನೆಂದು ಅವಳು ವಿಸ್ಮಯಪಟ್ಟು ಕೇಳಿದಳು. ಹಗಲು ಹೊಲದಲ್ಲಿಯೂ ಇರುಳು ರಾಜ್ಯದ ವ್ಯವಹಾರದಲ್ಲಿಯೂ ಅವಳು ಕಾಲವನ್ನು ಕಳೆಯುವುದನ್ನು ಅವನು ಗುರುತಿಸಿರುತ್ತಾನೆ.

ಬಿಸಿಲಿಗೆ ಬಾಡದ, ಅಂತಃಪುರವನ್ನು ಬಿಡದ ಕೋಮಲಾಂಗಿಯೇ ರಾಣಿಯೆಂಬ ಭಾವನೆಯು ಆ ಪರದೇಶಿಯದು ಮಾತ್ರವಲ್ಲ. ಬೇಟೆಗೆ ಹೋದ ಅರಸನ ಬೆವರನ್ನು ಪೌರುಷವೆಂದು ವರ್ಣಿಸುವ ಲೋಕವು, ಹೊಲದಲ್ಲಿಯೋ ರಣದಲ್ಲಿಯೋ ದುಡಿದ ರಾಣಿಯ ಬೆವರನ್ನು ಕಂಡು ಅವಳನ್ನು ದಾಸಿಯೆಂದೆಣಿಸುವುದು. ಮೂಡಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ನಾರಿಯರು ಕೂಡಿ ಆನೆಯಾದ ನವನಾರೀಕುಂಜರವೂ, ಐವರು ಕೂಡಿ ಕುದುರೆಯಾದ ಪಂಚನಾರೀತುರಗವೂ ಕೆತ್ತಲ್ಪಟ್ಟಿವೆ. ಅವನ್ನು ನೋಡಲು ಬಂದವರೆಲ್ಲರೂ ಶಿಲ್ಪಿಯ ಕೈಚಳಕವನ್ನು ಹೊಗಳುವರು. ಆನೆಕುದುರೆಗಳ ಬಲವನ್ನು ಹೆಣ್ಣಿನಲ್ಲಿ ಕಾಣಲು ಮರದಲ್ಲಿ ಯಾರಿಗೂ ಅಡ್ಡಿಯಿಲ್ಲ. ಮಾಂಸಮಜ್ಜೆಗಳ ಹೆಣ್ಣಿನಲ್ಲಿ ಕಾಣುವುದೇ ಕಷ್ಟವು.

ಇಂದು ಅಬ್ಬಕ್ಕನ ಕೀರ್ತಿಯು ನಾಡಿನಲ್ಲೆಲ್ಲ ಹಬ್ಬಿದೆ. 2003ರಲ್ಲಿ ಅಂಚೆ ಇಲಾಖೆಯು ಅವಳ ಸ್ಮರಣೆಗಾಗಿ ವಿಶೇಷ ಲಕೋಟೆಯನ್ನು ಹೊರಡಿಸಿತು. 2012ರಲ್ಲಿ ಕರಾವಳಿ ರಕ್ಷಣಾಪಡೆಯ ಹಡಗೊಂದು ಅವಳ ಹೆಸರನ್ನು ಹೊತ್ತು ಸೇವೆಗಿಳಿಯಿತು. ಬಂಟವಾಳದಲ್ಲಿ ಅವಳ ಹೆಸರಿನ ತುಳು ಅಧ್ಯಯನ ಕೇಂದ್ರವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯು ಗಂಡಿಗೂ ಇಲ್ಲ, ಹೆಣ್ಣಿಗೂ ಇಲ್ಲವಾಯಿತು. ಚೌಟರ ಧರ್ಮವು ಹಿಂದೆಯೇ ವಿಧಿಸಿದ್ದುದನ್ನು ಕಾನೂನು ಈಗ ವಿಧಿಸಿದೆ. ಬಿಲ್ಲು ಗೋಡೆಗೇರಿದರೂ ಹೆಣ್ಣು ಹೊಸ್ತಿಲನ್ನು ದಾಟುವ ಪ್ರಸಂಗಗಳು ಮುಗಿದಿಲ್ಲ. ಗತಿಸಿದ ರಾಣಿಗೆ ಹಾರವನ್ನು ಹಾಕುವುದು ಸುಲಭ. ಓಲೆಯ ಕೊಡೆಯ ಕೆಳಗೆ ಬರಿಗಾಲಿನಲ್ಲಿ ಕೆಲಸಕ್ಕೆ ಹೊರಟವಳನ್ನು, ಅವಳು ಬಾಯ್ದೆರೆಯುವುದಕ್ಕೆ ಮುನ್ನವೇ ಗೌರವದಿಂದ ಕಾಣುವುದು ಅಬ್ಬಕ್ಕದೇವಿಗೆ ಸಲ್ಲಿಸತಕ್ಕ ನಿಜವಾದ ಕಾಣಿಕೆಯು.