ಜೋಸೆಫ್ ಲಿಸ್ಟರ್

ಗುಬ್ಬಿ, ಕುಣಿಗಲ್ಲುಗಳ ದಾರಿಯಲ್ಲಿ ಎತ್ತಿನ ಗಾಡಿಗಳಷ್ಟೇ ಓಡಾಡುತ್ತಿದ್ದ ಕಾಲವನ್ನು ನೆನೆಯಿರಿ. ಗಾಡಿಯ ಚಕ್ರ ಹರಿದು, ಮುರಿದ ಮೂಳೆಯು ಚರ್ಮವನ್ನು ಸೀಳಿ ಹೊರಬಂದರೆ ಆ ಕಾಲು ಉಳಿಯುವ ಭರವಸೆ ಇರುತ್ತಿರಲಿಲ್ಲ. ಯುರೋಪಿನ ಹೆಸರಾಂತ ಆಸ್ಪತ್ರೆಗಳ ಸ್ಥಿತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ಗಾಯ ಕೀತು, ನಂಜೇರಿ ರೋಗಿಯು ಸಾಯುತ್ತಿದ್ದನು. ಇಲ್ಲವೇ ಕಾಲನ್ನು ಕತ್ತರಿಸಬೇಕಾಗುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದ ಜೋಸೆಫ್ ಲಿಸ್ಟರನು 1827ರ ಏಪ್ರಿಲ್ 5ರಂದು ಇಂಗ್ಲೆಂಡಿನಲ್ಲಿ ಜನಿಸಿದನು. ತಂದೆಯು ದ್ರಾಕ್ಷಾರಸದ ವ್ಯಾಪಾರಿ; ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ಕೀರ್ತಿ ಪಡೆದಿದ್ದವನು. ಕಣ್ಣಿಗೆ ಕಾಣದ ಲೋಕವೊಂದು ಉಂಟೆಂಬುದನ್ನು ಬಾಲಕನು ಮನೆಯಲ್ಲಿಯೇ ಅರಿತನು. ಲಂಡನ್ನಿನಲ್ಲಿ ವೈದ್ಯಶಿಕ್ಷಣ ಮುಗಿಸಿ, ಎಡಿನ್‌ಬರೊದಲ್ಲಿ ಶಸ್ತ್ರವೈದ್ಯ ಸೈಮನ ಶಿಷ್ಯನಾಗಿ, 1856ರಲ್ಲಿ ಆತನ ಮಗಳು ಆಗ್ನೆಸಳನ್ನು ವರಿಸಿದನು. 1860ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು.

ಕೀವು ಕಂಡರೆ ಗಾಯವು ಮಾಯುತ್ತಿದೆಯೆಂದು ನಂಬಿದ್ದ ವೈದ್ಯರು ಆಗ ಅನೇಕರಿದ್ದರು. ರಕ್ತದ ಕಲೆಗಳಿಂದ ಗಡುಸಾದ ನಿಲುವಂಗಿಯೇ ಅವರಿಗೆ ಅನುಭವದ ಬಿರುದಾಗಿತ್ತು! ವಸ್ತುಗಳು ಕೊಳೆಯುವುದು ಸೂಕ್ಷ್ಮಜೀವಿಗಳಿಂದ ಎಂದು ಫ್ರಾನ್ಸಿನ ಲೂಯಿ ಪಾಶ್ಚರನು ತೋರಿಸಿದ್ದನು. ಅದನ್ನೋದಿದ ಲಿಸ್ಟರನಿಗೆ ಗಾಯವೂ ಹೀಗೆಯೇ ಕೊಳೆಯುತ್ತದೆಯೆಂದು ಹೊಳೆಯಿತು. ಆದರೆ ಹಾಲನ್ನು ಕಾಯಿಸುವಂತೆ ಮನುಷ್ಯನ ಮಾಂಸವನ್ನು ಕಾಯಿಸಲಾದೀತೆ? ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ಹೊಲಸಿಗೆ ಕಾರ್ಬಾಲಿಕ್ ಆಮ್ಲವನ್ನು ಬಳಸುತ್ತಿದ್ದ ಸಂಗತಿ ಅವನ ಕಿವಿಗೆ ಬಿದ್ದಿತು.

ಮೊದಲ ಪ್ರಯತ್ನ ವಿಫಲವಾಯಿತು. 1865ರ ಆಗಸ್ಟ್ 12ರಂದು ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಜೇಮ್ಸ್ ಗ್ರೀನ್ಲೀಸನನ್ನು ಆಸ್ಪತ್ರೆಗೆ ತಂದರು. ಲಿಸ್ಟರನು ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿದನು. ನಾಲ್ಕು ದಿನಗಳ ಮೇಲೆ ಕಟ್ಟನ್ನು ಬಿಚ್ಚಿದಾಗ ಕೀವಿಲ್ಲ, ದುರ್ವಾಸನೆಯಿಲ್ಲ. ಆಮ್ಲವು ಚರ್ಮವನ್ನು ಸ್ವಲ್ಪ ಸುಟ್ಟಿತ್ತು. ಅದರ ತೀಕ್ಷ್ಣತೆಯನ್ನು ಕಡಮೆ ಮಾಡಿದನು. ಆರು ವಾರಗಳಲ್ಲಿ ಮೂಳೆ ಕೂಡಿತು.

1867ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಹಲವು ಹಿರಿಯ ವೈದ್ಯರು ನಕ್ಕರು. ಆದರೆ ಅವನ ವಾರ್ಡುಗಳಲ್ಲಿ ಅಂಗಚ್ಛೇದನಕ್ಕೆ ಒಳಗಾದ 35 ರೋಗಿಗಳಲ್ಲಿ ಮೊದಲು 16 ಮಂದಿ ಸತ್ತಿದ್ದರೆ, ಅನಂತರ 40ರಲ್ಲಿ ಸತ್ತವರು ಆರೇ ಮಂದಿ. ಒಂದು ಕಾಲನ್ನು ಕಳೆದುಕೊಂಡಿದ್ದ ಕವಿ ಹೆನ್ಲಿಯ ಇನ್ನೊಂದು ಪಾದವೂ ಮೂಳೆಯ ಕ್ಷಯದಿಂದ ಹಾಳಾಗಿತ್ತು. 1873ರಿಂದ ಎಡಿನ್‌ಬರೊದಲ್ಲಿ ಸುಮಾರು ಇಪ್ಪತ್ತು ತಿಂಗಳು ಚಿಕಿತ್ಸೆ ನಡೆಸಿ ಲಿಸ್ಟರನು ಅದನ್ನು ಉಳಿಸಿಕೊಟ್ಟನು.

ಹಳೆಯ ವ್ರಣಗಳು ಇಂದಿಗೂ ಹಟಮಾರಿಗಳೇ. ಸಕ್ಕರೆಕಾಯಿಲೆಯವರ ಪಾದದ ಹುಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯ ಪದರವನ್ನು ಹೊದ್ದು ನೆಲೆಸುತ್ತವೆ. ಔಷಧವು ಅದರೊಳಗೆ ಸುಲಭವಾಗಿ ಇಳಿಯದು. ಆದುದರಿಂದ ವೈದ್ಯರು ಸತ್ತ ಮಾಂಸವನ್ನು ಕೆರೆದು ತೆಗೆಯುತ್ತಾರೆ.

ಗಾಳಿಯಲ್ಲಿನ ಜೀವಿಗಳನ್ನು ಕೊಲ್ಲಲೆಂದು ತಾನೇ ತಂದಿದ್ದ ಆಮ್ಲದ ತುಂತುರನ್ನು, ಅದು ಅನಾವಶ್ಯಕವೆಂದು ಕಂಡೊಡನೆ ಲಿಸ್ಟರನು ಕೈಬಿಟ್ಟನು. ದೊಡ್ಡವರಲ್ಲಿ ಈ ಗುಣ ವಿರಳ. ಪ್ರಯೋಗಗಳ ಟಿಪ್ಪಣಿಯನ್ನು ಬರೆದುಕೊಳ್ಳುತ್ತಿದ್ದ ಆಗ್ನೆಸ್ 1893ರಲ್ಲಿ ತೀರಿಕೊಂಡಳು. 1912ರ ಫೆಬ್ರವರಿ 10ರಂದು ಲಿಸ್ಟರನು ನಿಧನನಾದಾಗ, ಮಹಾಪುರುಷರ ಸಮಾಧಿಗಳಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪ್ರಾರ್ಥನೆ ನಡೆಯಿತು. ದೇಹವನ್ನು ಮಾತ್ರ ಅವನ ಇಚ್ಛೆಯಂತೆ ಹ್ಯಾಂಪ್‌ಸ್ಟೆಡ್ಡಿನಲ್ಲಿ ಪತ್ನಿಯ ಪಕ್ಕದಲ್ಲಿಯೇ ಮಣ್ಣು ಮಾಡಿದರು.